ಹೊಸಿಲು ದಾಟಿದ ವೀಳ್ಯದ ಪೆಟ್ಟಿಗೆ

ಕುಂಞನಿಯನ್ ತಂಬುರಾನರ ಸಂಸಾರ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವರ ವೀಳ್ಯದ ಪೆಟ್ಟಿಗೆ ಎಲ್ಲಿದೆ ಎಂದು ನೋಡಿದರೆ ಸಾಕಿತ್ತು.

ಮದುವೆಯ ಹೊಸದರಲ್ಲಿ ಅದು ನಾಣಿಕ್ಕುಟ್ಟಿಯ ಮಂಚದ ತಲೆದೆಸೆಯಲ್ಲಿತ್ತು. ಕೆಲವು ವರ್ಷ ಕಳೆದ ಮೇಲೆ ಮಂಚದ ಕಾಲಿನ ಹತ್ತಿರ ಬಂತು. ಅಲ್ಲಿಂದ ಗೋಡೆಯ ಮೂಲೆಗೆ, ಮೂಲೆಯಿಂದ ನಡುಮನೆಗೆ, ಕೆರೆಗೆ ಹೊರಟ ಆಮೆಯ ಹಾಗೆ ಅವಸರವಿಲ್ಲದೆ ಹೊರಟಿತ್ತು. ಈ ದಿನ ಬೆಳಿಗ್ಗೆ ಕಣ್ಣುಜ್ಜಿಕೊಂಡು ಎದ್ದು ನೋಡುತ್ತಾರೆ, ಪೆಟ್ಟಿಗೆ ಹೊಸಿಲ ಮೇಲೆ ಕೂತಿದೆ. ಅರ್ಧ ಒಳಗೆ, ಅರ್ಧ ಹೊರಗೆ.

ಅವರು ಹೊಸಿಲ ಹತ್ತಿರ ಓಡಿದರು. ಆ ಮನೆಯಲ್ಲಿ ಅವರದು ಎನ್ನುವುದು ಅದೊಂದೇ. ಮನೆ ಅವಳದು, ಮಂಚ ಅವಳದು, ಬಾಗಿಲು ಅವಳದು, ಹುಟ್ಟಿದ ಇಬ್ಬರು ಗಂಡುಮಕ್ಕಳಿಗೂ ಅವಳ ಮನೆಯದೇ ಹೆಸರು. ಗಂಡ ಎಂಬ ಪ್ರಾಣಿ ದೀಪ ಹಚ್ಚಿದ ಮೇಲೆ ಬರಬೇಕು, ಕೋಳಿ ಕೂಗಿದ ಮೇಲೆ ಹೋಗಬೇಕು. ಪೆಟ್ಟಿಗೆ ಒಳಗಿದ್ದರೆ ಅವನು ಗಂಡ, ಜಗಲಿಗೆ ಬಂದರೆ ದಾರಿಹೋಕ. ಮದುವೆಯಾಗುವುದೂ ಅಷ್ಟೇ ಸಲೀಸು: ಉರಿಯುವ ದೀಪ, ಒಂದು ಪಡಿ ಭತ್ತ, ನಾಲ್ಕು ಜನರ ಕಣ್ಣು. ಗಂಡಸು ಪುಡವೆ ಎಂಬ ಹೊಸ ಬಟ್ಟೆ ಕೊಟ್ಟ, ಹೆಂಗಸು ಕೈಚಾಚಿ ತಗೊಂಡಳು, ಮುಗಿಯಿತು. ಬೇರೆ ಊರಿನವರು ಮದುವೆಗೆ ಸಾಲ ಮಾಡುತ್ತಾರೆ. ಇವರು ಬಟ್ಟೆ ಒಗೆದಷ್ಟು ಸುಲಭವಾಗಿ ಕಟ್ಟಿಕೊಂಡು, ಬಟ್ಟೆ ಒಣಗುವಷ್ಟರಲ್ಲಿ ಬಿಟ್ಟುಬಿಡುತ್ತಾರೆ.

“ನಾಣೀ, ಇದೇನಿದು?”

“ಯಾವುದು?” ಒಳಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ನಾಣಿಕ್ಕುಟ್ಟಿ ತಿರುಗಿಯೂ ನೋಡಲಿಲ್ಲ.

“ಪೆಟ್ಟಿಗೆ ಹೊಸಿಲಿಗೆ ಬಂದಿದೆ.”

“ಪಾಪ, ಅದಕ್ಕೂ ಕಾದು ಕಾದು ಸಾಕಾಗಿರಬೇಕು. ‘ನಾನು ದೊಡ್ಡ ತಂಬುರಾನ್ ಆಗಿ ಪೀಠ ಏರ್ತೀನಿ, ನಿನ್ನನ್ನ ನೇತ್ಯಾರಮ್ಮ ಮಾಡ್ತೀನಿ, ರಾಜನ ಹೆಂಡತಿ ಅಂತ ಪಲ್ಲಕ್ಕೀಲಿ ಕೂತು ದೇವಸ್ಥಾನಕ್ಕೆ ಹೋಗ್ತೀಯ’ ಅಂತ ಹೇಳಿ ಪುಡವೆ ಕೊಟ್ರಿ. ಮೂವತ್ತು ವರ್ಷ ಆಯ್ತು. ಮಂಡಿನೋವು ಬಂತು, ಪಲ್ಲಕ್ಕಿ ಬರಲಿಲ್ಲ.”

“ಇವತ್ತು ಮಧ್ಯಾಹ್ನದೊಳಗೆ ಆಗ್ತೀನಿ ಕಣೇ! ಮುಹೂರ್ತ ಇಟ್ಟಾಗಿದೆ!”

“ಆಗಿ. ಆಗಲಿಲ್ಲ ಅಂದ್ರೆ ನೀವು ತೊಂದರೆ ತಗೋಬೇಡಿ. ಉಳಿದರ್ಧ ದಾರಿ ಅದು ತಾನೇ ಹೋಗತ್ತೆ.”

ತಂಬುರಾನ್ ಎಂದರೆ ದೊರೆ, ಕುಂಞನಿಯನ್ ಎಂದರೆ ಪುಟ್ಟ ತಮ್ಮ. ಅರವತ್ತೊಂದು ವರ್ಷದ, ಮುಂದಿನ ಎರಡು ಹಲ್ಲು ಉದುರಿದ ಪುಟ್ಟ ತಮ್ಮ. ಅವರು ಹುಟ್ಟಿದ ಚೆರುವಟ್ಟಂ ಕೋವಿಲಗವನ್ನು ಅರಮನೆ ಎಂದು ಕರೆದರೆ ಅರಮನೆ, ತಲೆಯೆತ್ತಿ ನೋಡಿದರೆ ಆಕಾಶ. ಅಲ್ಲಿ ಪಟ್ಟ ಅಪ್ಪನಿಂದ ಮಗನಿಗೆ ಬರುವುದಿಲ್ಲ. ತಾಯಿಯ ಕಡೆಯ ಗಂಡಸರಲ್ಲಿ ವಯಸ್ಸಿನಲ್ಲಿ ಹಿರಿಯ ಯಾರೋ ಅವನಿಗೆ. ಈಗಿನ ಹಿರಿಯರು ಸೋದರಮಾವ ವಲಿಯ ತಂಬುರಾನ್, ಅಂದರೆ ದೊಡ್ಡ ದೊರೆ, ವಯಸ್ಸು ಎಂಬತ್ತೆಂಟು. ಅವರ ನಂತರ ಕುಂಞನಿಯನ್. ಮಾವನಿಗೆ ನೆಗಡಿಯಾದಾಗಲೆಲ್ಲ ಇವರು ಪಟ್ಟಕ್ಕೆ ಉಡುವ ಪಂಚೆಗೆ ಗಂಜಿ ಹಾಕಿಸುತ್ತಿದ್ದರು. ಮಾವ ಎದ್ದು ಕೂತು ಪಾಯಸ ಕೇಳುತ್ತಿದ್ದರು. ಗಂಜಿ ಹಾಕಿ ಹಾಕಿ ಪಂಚೆ ಹರಿದುಹೋಯಿತು. ಮಾವ ಗಟ್ಟಿಯಾಗಿಯೇ ಉಳಿದರು.

ಹೋದ ವಾರ ಮಾವನೇ ಕರೆದು ಹೇಳಿದ್ದರು: “ಕುಂಞನಿಯಾ, ನನಗೂ ಸಾಕಾಯ್ತಪ್ಪ. ಪೀಠ ಬಿಟ್ಟು ದೇವಸ್ಥಾನದಲ್ಲಿ ಕೂತು ಭಜನೆ ಮಾಡ್ತೀನಿ. ಆದರೆ ಮೊದಲು ಈ ಮನೆಗೊಂದು ಹೆಣ್ಣುಮಗು ದತ್ತು ಬರಬೇಕು. ಹೆಣ್ಣಿಲ್ಲದ ಮನೆ ಬತ್ತಿಯಿಲ್ಲದ ದೀಪ. ನಾನು, ನೀನು, ಆಮೇಲೆ? ಬಾವಲಿ. ಹೆಣ್ಣು ತಾ. ಅದು ತೀರ್ಥ ಕುಡಿದ ಮರುಗಳಿಗೆ ನಾನು ಎದ್ದೆ.”

ಕುಂಞನಿಯನ್‌ಗೆ ಇಬ್ಬರು ಗಂಡುಮಕ್ಕಳಿದ್ದಾರಲ್ಲ ಎಂದು ಯಾರೂ ನೆನಪಿಸಲಿಲ್ಲ. ಮಗ ಎಂದರೆ ಬೇರೆ ಮನೆಯವನು. ಬಂದರೆ ಮಣೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟು ಕಳಿಸಬೇಕಾದ ನೆಂಟ. ಹತ್ತು ಗಂಡು ಹುಟ್ಟಿದರೂ ಈ ಮನೆ ಬಂಜೆಯೇ.

ಹೊಳೆಯಾಚೆಯ ಏಳಿಕ್ಕರ ಕೋವಿಲಗ ಇವರ ದೂರದ ನೆಂಟರದು. ಸರ್ಕಾರದ ಪಿಂಚಣಿ ಇಲ್ಲ, ಸೂರಿಗೆ ಹೆಂಚಿಲ್ಲ, ಆದರೆ ಏಳು ವರ್ಷದ ಇಕ್ಕಾವು ಎಂಬ ಹೆಣ್ಣುಮಗುವಿದೆ. ಅಜ್ಜಿ ಕಾವಮ್ಮ ತಂಬುರಾಟಿ ಕೊಡಲು ಒಪ್ಪಿದ್ದರು. ಇಂದು ಮಧ್ಯಾಹ್ನದೊಳಗೆ ತೀರ್ಥ ಕುಡಿಸಬೇಕು. ತಪ್ಪಿದರೆ ಮುಂದಿನ ಓಣಂ ಕಳೆಯುವವರೆಗೆ ಒಳ್ಳೆಯ ದಿನವಿಲ್ಲ ಎಂದು ಜೋಯಿಸ ಕವಡೆ ಮಗುಚಿ ಹೇಳಿದ್ದ.

ಕುಂಞನಿಯನ್ ಪೆಟ್ಟಿಗೆಯನ್ನು ಎತ್ತಿಕೊಂಡರು. ಮತ್ತೆ ಮಂಚದ ತಲೆದೆಸೆಗೆ ಇಡಬೇಕೆಂದೇ ಎತ್ತಿದ್ದು. ಆದರೆ ಶುಭಕಾರ್ಯಕ್ಕೆ ಹೊರಟವರು ಬಾಯಿ ಬರಿದಾಗಿ ಹೋಗಬಾರದು ಎಂದು ಜಗಲಿಯಲ್ಲಿ ಕೂತು ಒಂದು ವೀಳ್ಯ ಕಟ್ಟಿದರು. ಅಷ್ಟರಲ್ಲಿ ಕಡವಿನಿಂದ ದೋಣಿಯ ಚಾತ್ತು “ಕೂಯ್” ಎಂದು ಕೂಗಿದ. ಬಾಯಿತುಂಬ ವೀಳ್ಯ, ಎದೆತುಂಬ ಪಟ್ಟ, ಕುಂಞನಿಯನ್ ಪಂಚೆ ಎತ್ತಿಕಟ್ಟಿ ಓಡಿದರು.

ಪೆಟ್ಟಿಗೆ ಜಗಲಿಯಲ್ಲೇ ಉಳಿಯಿತು.

ಓಣಿಯ ತಿರುವಿನಲ್ಲಿ ಕಲ್ಯಾಣಿ ವಾರಸ್ಯಾರ್ ಎದುರು ಬಂದಳು. ದೇವಸ್ಥಾನಕ್ಕೆ ಹೂಮಾಲೆ ಕಟ್ಟುವವಳು. ಕೈಯಲ್ಲಿ ಹೂ, ಬಾಯಲ್ಲಿ ಊರು, ಎರಡನ್ನೂ ಒಂದೇ ಹೊತ್ತಿಗೆ ಕಟ್ಟಬಲ್ಲವಳು.

“ಏನು ತಂಬುರಾನೇ, ಇಷ್ಟೊಂದು ಓಟ? ಹೆಂಡತಿ ಓಡಿಸಿಬಿಟ್ಟಳಾ?”

ಕುಂಞನಿಯನ್ ಬಾಯಲ್ಲಿ ಎಲೆಯಿದ್ದುದರಿಂದ “ಮ್ಮ್” ಎಂದರು. ವಾರಸ್ಯಾರ್ ಅದನ್ನು ಹೌದು ಎಂದು ತಿಳಿದಳೋ ಇಲ್ಲವೋ, ಕತ್ತನ್ನು ಕೊಕ್ಕರೆಯ ಹಾಗೆ ಚಾಚಿ ನಾಣಿಕ್ಕುಟ್ಟಿಯ ಜಗಲಿಯ ಕಡೆ ನೋಡಿದಳು. ನೋಡಿ, ಮಾಲೆಯ ಬುಟ್ಟಿಯನ್ನು ಸೊಂಟಕ್ಕೇರಿಸಿ, ದೇವಸ್ಥಾನದ ದಾರಿ ಬಿಟ್ಟು ಊರೊಳಗಿನ ದಾರಿ ಹಿಡಿದಳು.

ಏಳಿಕ್ಕರದಲ್ಲಿ ಕಾವಮ್ಮ ತಂಬುರಾಟಿ ಕಾಲು ನೀಡಿ ಕೂತಿದ್ದರು.

“ಮಗು ರೆಡಿನಾ?” ಎಂದರು ಕುಂಞನಿಯನ್, ನಿಂತಲ್ಲೇ ಕುಣಿಯುತ್ತ. “ಮುಹೂರ್ತ ಮೀರತ್ತೆ. ಕಳಿಸಿಬಿಡಿ.”

“ಮಗು ಕೊಡ್ತೀನಿ ಅಂದಿದ್ದೆ. ಕಳಿಸ್ತೀನಿ ಅಂದಿದ್ನಾ?”

“ಎರಡೂ ಒಂದೇ ಅಲ್ವಾ, ಚೇಚೀ?” ಎಂದು ಅಕ್ಕನನ್ನು ಓಲೈಸುವ ಹಾಗೆ ಕೇಳಿದರು.

“ಹೇಗೆ ಒಂದೇ ಆಗತ್ತೆ, ಅನಿಯಾ? ನಮ್ಮ ಮನೆ ಹೆಣ್ಣು ಯಾವತ್ತಾದರೂ ಮನೆ ಬಿಟ್ಟು ಹೋಗಿದ್ದುಂಟಾ? ಕಟ್ಟಿಕೊಂಡ ಗಂಡನ ಮನೆಗೇ ಕಳಿಸದವರು ನಿನ್ನ ಮನೆಗೆ ಕಳಿಸ್ತೀವಾ? ಅದೆಲ್ಲ ಹೊರಗಿನವರ ಪದ್ಧತಿ. ಹೆಣ್ಣು ಹೆತ್ತು, ಅತ್ತು, ಗಾಡಿ ಹತ್ತಿಸೋದು. ನಮಗೆ ಗೊತ್ತಿಲ್ಲಪ್ಪ.”

“ಮತ್ತೆ ದತ್ತು?”

“ಮಗು ಎಲ್ಲಿರತ್ತೋ ಅದರ ಅಮ್ಮ ಅಲ್ಲಿರ್ತಾಳೆ. ಅಮ್ಮ ಇದ್ದಲ್ಲಿ ನಾನು.”

ಕುಂಞನಿಯನ್ ಸೂರ್ಯನನ್ನು ನೋಡಿದರು. ಸೂರ್ಯ ತೆಂಗಿನ ಮರದ ಅರ್ಧ ಹತ್ತಿದ್ದ. “ಬನ್ನಿ! ನೀವೂ ಬನ್ನಿ! ಎಲ್ಲರೂ ಬನ್ನಿ!”

“ನಾನು ಬಂದರೆ ನನ್ನ ಅಣ್ಣನಿಗೆ ಗಂಜಿ ಯಾರು ಹಾಕ್ತಾರೆ? ಅವನೂ ಬರ್ತಾನೆ.”

“ಯಾವ ಅಣ್ಣ?”

ಕಾವಮ್ಮ ಜಗಲಿಯ ಮರದ ಕಟ್ಟೆಯ ಮೇಲಿದ್ದ ಕಂಬಳಿ ಸುರುಳಿಯನ್ನು ತೋರಿಸಿದರು. ಸುರುಳಿ ಗೊರಕೆ ಹೊಡೆಯುತ್ತಿತ್ತು.

“ನಾನು ಹಾಸಿಗೆ ಅಂದುಕೊಂಡಿದ್ದೆ” ಎಂದರು ಕುಂಞನಿಯನ್.

“ಹಾಗೇ ಅಂದುಕೋ. ತೊಂದರೆ ಇಲ್ಲ. ಮಾತಾಡಲ್ಲ, ಜಗಳ ಆಡಲ್ಲ. ಕಿವಿ ಸ್ವಲ್ಪ ಮಂದ. ಎರಡು ಹೊತ್ತು ಗಂಜಿ, ಬಾಯಾಡಿಸೋಕೆ ವೀಳ್ಯ. ಎಪ್ಪತ್ತೆಂಟು ವರ್ಷ ಆಯ್ತು, ಒಂದು ಹೆಣ್ಣಿಗೂ ಪುಡವೆ ಕೊಟ್ಟವನಲ್ಲ. ಸಾಧು. ಕೊಚ್ಚಪ್ಪನ್ ಅಂತ ಹೆಸರು.”

ಹಾಸಿಗೆ ಎಂದುಕೊಂಡೇ ಅವರನ್ನು ದೋಣಿಗೆ ಹಾಕಿಸಿದರು. ಹಿಂದಿನಿಂದ ಕಾವಮ್ಮ, ಇಕ್ಕಾವುವಿನ ತಾಯಿ, ಹಲಸಿನ ಹಪ್ಪಳದ ಡಬ್ಬಿ, ಒಂದು ಹಸು, ಇಕ್ಕಾವು, ಇಕ್ಕಾವುವಿನ ಕಂಕುಳಲ್ಲಿ ಒಂದು ಬೆಕ್ಕು. ದೋಣಿ ಹೊರಟಾಗ ನೀರು ಅಂಚಿಗೆ ಒಂದು ಬೆರಳು ಕೆಳಗಿತ್ತು. ನಡುಹೊಳೆ ದಾಟಿ, ಚೆರುವಟ್ಟಂ ದಡ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ, ಬೇಸಗೆಯ ಮರಳದಿಬ್ಬಕ್ಕೆ ತಳ ಕಚ್ಚಿ ನಿಂತುಬಿಟ್ಟಿತು.

“ಇಳೀರಿ” ಎಂದ ಚಾತ್ತು. “ಮೊಣಕಾಲುದ್ದ ನೀರು. ನಡೆಯೋದೇ.”

ಹೆಂಗಸರು ಇಳಿದರು. ಹಸು ಇಳಿಯಿತು. ಕೊಚ್ಚಪ್ಪನ್ ತಂಬುರಾನ್ ಗೊರಕೆ ಹೊಡೆಯುತ್ತಿದ್ದರು.

“ಚಾತ್ತೂ, ಇವರನ್ನ ಎತ್ತಿಕೋ.”

ಚಾತ್ತು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. “ಅಯ್ಯೋ, ಏನು ಹೇಳ್ತೀರಿ ತಂಬುರಾನೇ! ನಾನು ಮುಟ್ಟೋದಾ? ಅವರು ಕೆಟ್ಟುಹೋಗ್ತಾರೆ. ಈ ಸಾಧು ಜೀವ ಹಾಳುಮಾಡಿದ ಪಾಪ ನನಗ್ಯಾಕೆ?” ಎಂದು ಹೇಳಿ ದೋಣಿಯ ಮೂತಿಯ ಮೇಲೆ ಆರಾಮವಾಗಿ ಕೂತು ಬೀಡಿ ಹಚ್ಚಿದ. ಮುಟ್ಟಬೇಡ ಎಂದು ಇವರ ಅಜ್ಜಂದಿರು ಹೇಳಿಕೊಟ್ಟದ್ದನ್ನು ಅವನಷ್ಟು ಸಂತೋಷವಾಗಿ ಇನ್ಯಾರೂ ಪಾಲಿಸಿರಲಾರರು.

ಕುಂಞನಿಯನ್ ಬೆನ್ನು ಬಗ್ಗಿಸಿದರು. ಕಾವಮ್ಮ ಹಿಂದಿನಿಂದ ಅಣ್ಣನನ್ನು ಮೂಟೆಯ ಹಾಗೆ ಎತ್ತಿ ಹೇರಿದರು. ಎರಡು ಹೆಜ್ಜೆಗೆ ಕಾಲು ಕೆಸರಲ್ಲಿ ಹೂತಿತು, ಮೂರನೆಯದಕ್ಕೆ ಪಂಚೆ ಜಾರಿತು, ಆಮೇಲೆ ಬಲಗಿವಿಗೆ ಏನೋ ಬೆಚ್ಚಗೆ ಒದ್ದೆಯಾಗಿ ತಗಲಿತು.

“ಅಮ್ಮಾವಾ” ಎಂದು ಮಾವನನ್ನು ಕರೆದು ಇಕ್ಕಾವು ಪಕ್ಕದಲ್ಲಿ ನೀರು ಚಿಮ್ಮಿಸುತ್ತ ಹೇಳಿದಳು, “ವಲ್ಯಮ್ಮಾವನ್ ನಿಮ್ಮ ಕಿವಿ ಜಗೀತಿದಾರೆ.”

“ಬಿಡಿಸು ಮಗೂ!”

“ಬಿಡಲ್ಲ. ವೀಳ್ಯ ಅಂದುಕೊಂಡಿದಾರೆ. ನಿದ್ದೇಲಿ ಹಾಗೇನೇ. ಸ್ವಲ್ಪ ಹೊತ್ತಿಗೆ ಉಗೀತಾರೆ.”

ಹಾಗೆ ಒಂದು ಕಿವಿ ಮುದುಕನ ಬಾಯಲ್ಲಿ, ಒಂದು ಕಣ್ಣು ಸೂರ್ಯನ ಮೇಲೆ, ತೊಡೆಯವರೆಗೂ ಮುಖದ ಮೇಲೂ ಕೆಸರು, ಚೆರುವಟ್ಟಂನ ಮುಂದಿನ ರಾಜರು ಕೋವಿಲಗದ ಪಡಿಬಾಗಿಲಿಗೆ ಬಂದು ಮುಟ್ಟಿದರು. ಊರಿನ ಅರ್ಧ ಜನ ಅಲ್ಲಿ ಸೇರಿದ್ದರು. ಎಲ್ಲರೂ ಇವರನ್ನು ನೋಡಿ ಏನೋ ಪಿಸುಗುಟ್ಟಿದರು. ಕೆಸರಿಗೆ ನಗುತ್ತಿದ್ದಾರೆ ಎಂದುಕೊಂಡರು ಕುಂಞನಿಯನ್.

ಮುಂದೆಯೇ ನಿಂತಿದ್ದಳು ನಾಣಿಕ್ಕುಟ್ಟಿ, ಸಂದೂಕದ ತಳದಲ್ಲಿಟ್ಟಿದ್ದ ಜರಿಯಂಚಿನ ಬಟ್ಟೆ ಉಟ್ಟು.

“ಬೆನ್ನ ಮೇಲೆ ಯಾರದು?”

“ಯಾರೋ. ಮಗು ಜೊತೆ ಬಂದ ಹಳೇ ಸಾಮಾನು.”

“ಎಷ್ಟು ಹಳೇದು?”

“ಎಪ್ಪತ್ತೆಂಟಂತೆ. ಸರಿ ಅತ್ಲಾಗೆ, ಹೊತ್ತಾಯ್ತು!”

ನಾಣಿಕ್ಕುಟ್ಟಿ ಸರಿಯಲಿಲ್ಲ. ಬೆನ್ನ ಮೇಲಿನ ಮುದುಕನನ್ನು ನೋಡಿದಳು, ಬೆನ್ನ ಕೆಳಗಿನ ಗಂಡನನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಬಾಯಿ ಮುಚ್ಚಿಕೊಂಡು, ಜಾರಿದ್ದ ಮುಡಿಯನ್ನು ಬಿಗಿಯಾಗಿ ಕಟ್ಟಿಕೊಂಡು ದಾರಿ ಬಿಟ್ಟಳು.

ನಡುಮನೆಯ ಅಂಗಳದಲ್ಲಿ ದೊಡ್ಡ ದೀಪ ಉರಿಯುತ್ತಿತ್ತು. ಅದರ ಮುಂದೆ ಪಡಿತುಂಬ ಭತ್ತ, ಭತ್ತದ ಮೇಲೆ ತೆಂಗಿನ ಹೊಂಬಾಳೆ. ಪಕ್ಕದಲ್ಲಿ ಎತ್ತರದ ಮುಕ್ಕಾಲಿಯ ಮೇಲೆ ಉರುಳಿ ಎಂಬ ದೊಡ್ಡ ಕಂಚಿನ ಪಾತ್ರೆಯಲ್ಲಿ ತೀರ್ಥ. ಆಚೆಗೆ ಮರದ ಪೀಠ, ಪೀಠದ ಮೇಲೆ ವಲಿಯ ತಂಬುರಾನ್, ಅವರ ಮುಖದ ಮೇಲೆ ಬೆಣ್ಣೆ ಕದ್ದ ಬೆಕ್ಕಿನ ಶಾಂತಿ. ಊರಿನ ತಂತ್ರಿಗಳು ಬಾವಿ ಸೇದುವವರ ಹಾಗೆ ನಿಧಾನವಾಗಿ ಮಂತ್ರ ಎಳೆದು ಎಳೆದು ಹೇಳುತ್ತಿದ್ದರು.

“ಮಗುವಿನ ಕೈ ಮುಂದೆ ಮಾಡಿ.”

“ನಿಲ್ಲಿ” ಎಂದರು ಕಾವಮ್ಮ. “ಮಗು ಒಂದು ಮನೆ, ಮಗುವಿನ ಅಮ್ಮ ಇನ್ನೊಂದು ಮನೆ, ಅಜ್ಜಿ ಮತ್ತೊಂದು ಮನೆ ಆಗೋದು ಬೇಡ. ನಾಳೆ ಸಾವಿನ ಸೂತಕ ಯಾರಿಗೆ, ಹುಟ್ಟಿನ ಸೂತಕ ಯಾರಿಗೆ ಅಂತ ಗೋಜಲು. ಕೊಟ್ಟರೆ ಎಲ್ಲರಿಗೂ ಕೊಡಿ. ಇಲ್ಲ ಅಂದ್ರೆ ದೋಣಿ ಅಲ್ಲೇ ಇದೆ.”

ತಂತ್ರಿಗಳು ಮಂತ್ರ ನಿಲ್ಲಿಸಿದರು. “ನೋಡಿ, ಈ ತೀರ್ಥ ಕುಡಿದವರು ಇವತ್ತಿಂದ ಈ ಮನೆಯಲ್ಲೇ ಹುಟ್ಟಿದ ಹಾಗೆ. ಉಗುಳಿದರೂ ಹೋಗಲ್ಲ. ಯೋಚನೆ ಮಾಡಿ ಹೇಳಿ.”

“ಯೋಚನೆಗೆ ಹೊತ್ತೆಲ್ಲಿದೆ?” ಕುಂಞನಿಯನ್ ಕಿರುಚಿದರು. ಸೂರ್ಯ ಅಂಗಳದ ನೆತ್ತಿಗೆ ಬಂದಿದ್ದ. “ಕೊಡಿ ತಿರುಮೇನೀ, ಎಲ್ಲರಿಗೂ ಕೊಡಿ! ಅಜ್ಜಿಗೂ ಕೊಡಿ, ಆ ಹಾಸಿಗೆಗೂ ಕೊಡಿ, ಹಸುವಿಗೂ ಬೆಕ್ಕಿಗೂ ಕೊಡಿ! ಬೇಗ ಮುಗಿಸಿ!”

ಪೀಠದ ಮೇಲಿಂದ ವಲಿಯ ತಂಬುರಾನ್ ಕೇಳಿದರು: “ಎಲ್ಲರಿಗೂ ತಾನೇ, ಕುಂಞನಿಯಾ? ನಿನ್ನ ಬಾಯಿಂದ್ಲೇ ಇನ್ನೊಂದ್ಸಲ ಹೇಳಿಬಿಡು. ಎಲ್ಲರೂ ಕೇಳಿಸಿಕೊಳ್ಲಿ.”

“ಎಲ್ಲರಿಗೂ, ಅಮ್ಮಾವಾ! ಎಲ್ಲರಿಗೂ!”

ಇಕ್ಕಾವು ಕುಡಿದಳು. ಅವಳ ತಾಯಿ ಕುಡಿದಳು. ಕಾವಮ್ಮ ಎರಡು ಸಲ ಕುಡಿದರು. ಕೊಚ್ಚಪ್ಪನ್ ತಂಬುರಾನರ ಬಾಯಿಗೆ ಕುಂಞನಿಯನ್ನರೇ ಸೌಟಿನಿಂದ ಸುರಿದರು. ಮುದುಕರು ನಿದ್ದೆಯಲ್ಲೇ ಚಪ್ಪರಿಸಿದರು. ಹೊಸದಾಗಿ ಮನೆಗೆ ಬಂದವರಿಗೆಲ್ಲ ಒಂದೊಂದು ಕೋರಾ ಬಟ್ಟೆ ಕೊಡುವುದು ಪದ್ಧತಿ. ಅದೂ ಆಯಿತು. ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿದಿದ್ದೇ ಕೊಚ್ಚಪ್ಪನ್ ತಂಬುರಾನ್ ಒಂದು ಕಣ್ಣು ತೆರೆದು, ಎದ್ದು ಕೂತು, ತೊಡೆಯ ಮೇಲಿನ ಬಟ್ಟೆಯನ್ನು ಸವರಿದರು.

ವಲಿಯ ತಂಬುರಾನ್ ಕಂಬ ಹಿಡಿದು ಎದ್ದು ನಿಂತರು. ಪೀಠ ಖಾಲಿಯಾಯಿತು.

ಎಷ್ಟು ವರ್ಷ ಕಾದಿದ್ದ ಖಾಲಿ! ಕುಂಞನಿಯನ್ ಕೆಸರುಗಾಲಲ್ಲೇ ಅತ್ತ ನಡೆದರು. ಇನ್ನು ನಾಲ್ಕು ಹೆಜ್ಜೆ. ಆಗ ಇಕ್ಕಾವುವಿನ ಕಂಕುಳಿಂದ ಬೆಕ್ಕು ಜಿಗಿಯಿತು, ಬೆಕ್ಕಿನ ಹಿಂದೆ ಇಕ್ಕಾವು ಜಿಗಿದಳು, ಇಕ್ಕಾವುವಿನ ಕಾಲು ಉರುಳಿಯ ಮುಕ್ಕಾಲಿಗೆ ತಗಲಿತು. ಮಿಕ್ಕಿದ್ದ ತೀರ್ಥವೆಲ್ಲ ಮುಂದಿನ ಸಾಲಿನಲ್ಲಿದ್ದ ನಾಣಿಕ್ಕುಟ್ಟಿಯ ಮೇಲೆ ದಬದಬನೆ ಬಿತ್ತು. ಜರಿಯಂಚು ಮೈಗೆ ಅಂಟಿತು. ಕ್ಷಣಕ್ಕೆ ಮುಂಚೆ ರಾಣಿಯ ಹಾಗೆ ನಿಂತಿದ್ದವಳು ನೆನೆದ ಕೋಳಿಯ ಹಾಗಾದಳು.

“ಅಯ್ಯೋ, ಎಲ್ಲರೂ ನೋಡ್ತಿದಾರೆ! ಹೊದೆಯೋಕೆ ಏನಾದರೂ ಕೊಡ್ರೀ!” ಎಂದು ಗಂಡನ ಕಡೆ ನೋಡಿದಳು.

ಕುಂಞನಿಯನ್ ಪೀಠದ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು. ಹಿಂದಿರುಗಿದರೆ ಮುಹೂರ್ತ ಹೋಗುತ್ತದೆ. ನಡುವೆ ಕೂತಿದ್ದರು ಕೊಚ್ಚಪ್ಪನ್, ಕೈಯಲ್ಲಿ ಹೊಸ ಬಟ್ಟೆ. ಕುಂಞನಿಯನ್ ಅವರ ಕಿವಿಗೆ ಬಾಯಿಟ್ಟು ಕೂಗಿದರು: “ಆ ಬಟ್ಟೆ ಅವಳಿಗೆ ಕೊಡಿ! ಎದ್ದು ಕೊಡಿ!”

ಮುದುಕರಿಗೆ ಕೇಳಿಸಿತು. ಎದ್ದರು. ಎಪ್ಪತ್ತೆಂಟು ವರ್ಷ ಸುರುಳಿಯಾಗಿದ್ದ ಬೆನ್ನು ಅಡಕೆಮರದ ಹಾಗೆ ನೆಟ್ಟಗಾಯಿತು. ಉರಿಯುವ ದೀಪವನ್ನು ಬಲಕ್ಕಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆದು, ಬಟ್ಟೆಯನ್ನು ಎರಡು ಕೈಯಲ್ಲಿ ನೀಡಿದರು.

ನಾಣಿಕ್ಕುಟ್ಟಿ ತಲೆತಗ್ಗಿಸಿದಳು. ಎರಡು ಕೈಚಾಚಿ ತಗೊಂಡಳು. ತಗೊಂಡು ಕಣ್ಣಿಗೊತ್ತಿಕೊಂಡಳು.

ಅಂಗಳದಲ್ಲಿ ಎಲ್ಲರ ಕಣ್ಣು ದೀಪದ ಮೇಲೆ, ಭತ್ತದ ಮೇಲೆ, ಬಟ್ಟೆಯ ಮೇಲೆ ಹರಿಯಿತು. ಆಮೇಲೆ ಕಲ್ಯಾಣಿ ವಾರಸ್ಯಾರ್ ನಾಲಗೆ ಆಡಿಸಿ ಮದುವೆಯ ಕುರವೆ ಹಾಕಿದಳು. ಅವಳ ಹಿಂದೆ ಊರಿನ ಹೆಂಗಸರೆಲ್ಲ ಕುರವೆ ಹಾಕಿದರು. ಹೊರಗೆ ಹಸು ಕೂಡ ಕೂಗಿತು.

“ಯಾಕೆ? ಏನಾಯ್ತು?” ಎಂದರು ಕುಂಞನಿಯನ್.

“ಪುಡವೆ ಕೊಟ್ಟಾಯ್ತಲ್ಲ, ತಂಬುರಾನೇ!” ಎಂದಳು ವಾರಸ್ಯಾರ್. “ದೀಪ ಇತ್ತು, ಭತ್ತ ಇತ್ತು, ತಂತ್ರಿಗಳೂ ಇದ್ರು. ಕೊಟ್ಟವರು ಕೊಟ್ರು, ತಗೊಂಡವರು ತಗೊಂಡ್ರು. ಇನ್ನೇನು ಬಾಕಿ? ಪಾಯಸ ಒಂದೇ.”

“ಬುದ್ಧಿ ಇದೆಯಾ ನಿನಗೆ? ಅವಳು ನನ್ನ ಹೆಂಡತಿ!”

“ಯಾವ ಹೆಂಡತಿ? ನಿಮ್ಮ ವೀಳ್ಯದ ಪೆಟ್ಟಿಗೆ ಬೆಳಿಗ್ಗೆಯಿಂದ ಜಗಲೀಲಿ ಕೂತಿದೆ. ನಾನು ನೋಡಿದೆ. ನಾನೊಬ್ಬಳೇ ಅಲ್ಲ, ಊರೇ ನೋಡಿದೆ. ನೋಡದವರನ್ನ ಕರಕೊಂಡು ಹೋಗಿ ತೋರಿಸಿದೀನಿ.”

ಕುಂಞನಿಯನ್ನರ ಮುಖದ ಕೆಸರು ಒಣಗಿ ಬಿರುಕುಬಿಟ್ಟಿತು. “ಅದು... ಅದು ಅವಳು ಇಟ್ಟದ್ದಲ್ಲ! ಅವಳು ಹೊಸಿಲ ಮೇಲೆ ಇಟ್ಟಿದ್ದಳು ಅಷ್ಟೇ! ಹೊರಗೆ ತಂದು ಇಟ್ಟವನು ನಾನೇ!”

“ನೀವೇ?” ಎಂದರು ತಂತ್ರಿಗಳು.

“ನಾನೇ! ನನ್ನ ಕೈಯಾರೆ!”

“ಹಾಗಾದರೆ ಬಿಟ್ಟವರೂ ನೀವೇ. ಗೊಂದಲವೇ ಇಲ್ಲ” ಎಂದು ತಂತ್ರಿಗಳು ಸಮಾಧಾನದಿಂದ ಜನಿವಾರ ಸರಿಮಾಡಿಕೊಂಡರು.

ಕುಂಞನಿಯನ್ನರ ಕಣ್ಣಲ್ಲಿ ನೀರು ತುಂಬಿತು. ಮೂವತ್ತು ವರ್ಷದ ಮಂಚ, ಮೂವತ್ತು ವರ್ಷದ ಬೈಗುಳ, ಎರಡೂ ಒಂದು ಬಟ್ಟೆಗೆ ಹೋಯಿತು. ಆದರೂ ಮನಸ್ಸಿನ ಒಂದು ಮೂಲೆ ಹೇಳಿತು: ಹೋಗಲಿ. ಹೆಂಡತಿ ಹೋದರೂ ಪೀಠ ಎಲ್ಲಿ ಹೋಗುತ್ತದೆ? ನಾಳೆ ಇವಳೇ ಹೊಟ್ಟೆ ಉರಿದುಕೊಂಡು ಬರುತ್ತಾಳೆ. ಹಾಗೆಂದುಕೊಂಡು, ಮೂಗು ಒರೆಸಿಕೊಂಡು, ಉಳಿದ ನಾಲ್ಕು ಹೆಜ್ಜೆ ನಡೆದು, ಪಂಚೆ ಸರಿಮಾಡಿ, ಪೀಠದ ಮೇಲೆ ಕೂರಲು ಮಂಡಿ ಮಡಿಸಿದರು.

“ಅಲ್ಲಿ ಯಾಕೆ ಕೂರ್ತಿದೀಯ?” ಎಂದರು ವಲಿಯ ತಂಬುರಾನ್.

ಕುಂಞನಿಯನ್ ಅರ್ಧ ಕೂತಲ್ಲೇ ನಿಂತರು. ಬೆಳಗಿನ ಪೆಟ್ಟಿಗೆಯ ಹಾಗೆ, ಅರ್ಧ ಈಚೆ, ಅರ್ಧ ಆಚೆ.

“ಅಮ್ಮಾವಾ, ಹೆಣ್ಣು ತಂದೆನಲ್ಲ. ತೀರ್ಥ ಆಯ್ತಲ್ಲ.”

“ಆಯ್ತು, ನಾನೂ ಎದ್ದೆ. ಮಾತು ಮಾತೇ. ಈಗ ಹೇಳು, ನನ್ನ ಬಿಟ್ಟರೆ ಈ ಮನೇಲಿ ಹಿರಿಯ ಗಂಡಸು ಯಾರು?”

“ನಾನು.”

“ಬೆಳಿಗ್ಗೆ ಹೌದು” ಎಂದರು ಮಾವ. “ಈಗ ಆ ಮನುಷ್ಯನಿಗೆ ಎಷ್ಟು ವರ್ಷ, ಕೇಳು.”

ಯಾರೂ ಕೇಳಲಿಲ್ಲ. ಎಲ್ಲರೂ ಕೊಚ್ಚಪ್ಪನ್ ತಂಬುರಾನರನ್ನು ನೋಡಿದರು. ಅವರು ನೆಟ್ಟಗೆ ನಿಂತಿದ್ದರು, ಪಕ್ಕದಲ್ಲಿ ಒದ್ದೆ ಮುಡಿಯ ನಾಣಿಕ್ಕುಟ್ಟಿ.

“ಹಾಸಿಗೆಗೂ ಕೊಡಿ ಅಂತ ಕೂಗಿದವನು ನೀನು, ಅನಿಯಾ” ಎಂದರು ಕಾವಮ್ಮ, ಮೃದುವಾಗಿ. “ನಾನು ಗಂಜಿ ಮಾತ್ರ ಕೇಳಿದ್ದೆ.”

ಕುಂಞನಿಯನ್ ನೆಲಕ್ಕೆ ಕುಸಿದರು. ಅವರನ್ನು ದಾಟಿಕೊಂಡು ಜನ ಕೊಚ್ಚಪ್ಪನ್ ತಂಬುರಾನರನ್ನು ಪೀಠಕ್ಕೆ ಕರೆದೊಯ್ದರು. ಶಂಖ ಊದಿದರು. ಅಟ್ಟದಿಂದ ಪಲ್ಲಕ್ಕಿ ಇಳಿಸಿ, ಜೇಡರಬಲೆ ಒರೆಸಿ, ಅಂಗಳದಲ್ಲಿ ತಂದಿಟ್ಟರು. ನಾಣಿಕ್ಕುಟ್ಟಿ ಒಂದು ಕಾಲು ಅದರೊಳಗಿಟ್ಟವಳು, ಏನೋ ನೆನಪಾಗಿ, ಇಳಿದು ಬಂದು ಅವರ ಮುಂದೆ ನಿಂತಳು.

“ನಿನಗೆ ಗೊತ್ತಿತ್ತಾ?” ಎಂದರು ಕುಂಞನಿಯನ್.

“ಪಡಿಬಾಗಿಲಲ್ಲಿ ವಯಸ್ಸು ಕೇಳಿದಾಗಲೇ ಗೊತ್ತಾಯ್ತು. ಹೇಳೋಣ ಅಂತ ಬಾಯಿ ತೆರೆದೆ ಕೂಡ. ನೀವು ‘ಸರಿ ಅತ್ಲಾಗೆ’ ಅಂದ್ರಿ. ಸರಿದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಸಲ ಕಣ್ಣು ಕೂಡ ಒರೆಸಿಕೊಂಡಳು. “ಆದರೂ ನಿಮ್ಮನ್ನ ಬೈಯಬಾರದು. ನೇತ್ಯಾರಮ್ಮ ಮಾಡ್ತೀನಿ ಅಂದಿದ್ರಿ. ತಡವಾದರೂ ಮಾಡಿಬಿಟ್ರಿ.”

ಪಲ್ಲಕ್ಕಿ ಎದ್ದಿತು. ಮುಂದಿನ ಬೋಯಿಗಳು ಅವರದೇ ಇಬ್ಬರು ಗಂಡುಮಕ್ಕಳು. ಅಮ್ಮನ ಪಲ್ಲಕ್ಕಿಗೆ ಹೆಗಲು ಕೊಡಲು ಓಡಿ ಬಂದಿದ್ದರು. ಅಪ್ಪನನ್ನು ಕಂಡು, ದಾರಿಯಲ್ಲಿ ಸಿಕ್ಕ ದೊಡ್ಡ ಮನೆಯವರಿಗೆ ತಗ್ಗುವ ಹಾಗೆ ತಲೆ ತಗ್ಗಿಸಿ ಮುಂದೆ ಹೋದರು.

ಹೊತ್ತು ಇಳಿದ ಮೇಲೆ ಕುಂಞನಿಯನ್ ಓಣಿಗೆ ಹೋಗಿ ಜಗಲಿಯಿಂದ ತಮ್ಮ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದರು. ನಡುವೆ ಚಾತ್ತು ಸಿಕ್ಕ. ದಾರಿಬಿಟ್ಟು ನಿಲ್ಲುವ ಪದ್ಧತಿಯಂತೆ ದೂರ ನಿಂತು, ಭುಜ ಕುಲುಕುವಷ್ಟು ನಕ್ಕ.

ಕೋವಿಲಗದಲ್ಲಿ ದೀಪ ಹಚ್ಚುತ್ತಿದ್ದರು. ಹೊಸ ತಂಬುರಾನ್ ಪೀಠದ ಮೇಲೆ ಕೂತಿದ್ದರು. ಕುಂಞನಿಯನ್ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಎಪ್ಪತ್ತೆಂಟು. ಕಿವಿ ಮಂದ. ಬೇಸಗೆ ಬೇರೆ. ಮುಂದಿನ ಮಳೆಗಾಲಕ್ಕೆ ಒಂದು ಗಟ್ಟಿ ನೆಗಡಿ ಬಂದರೆ... ಹರಿದ ಪಂಚೆಯನ್ನು ಹೊಲಿಸಬಹುದೇನೋ ಎಂದು ಯೋಚಿಸಿದರು.

“ಅನಿಯಾ” ಎಂದರು ಕೊಚ್ಚಪ್ಪನ್ ತಂಬುರಾನ್. ಬೆಳಿಗ್ಗೆಯಿಂದ ಅವರ ಬಾಯಿಂದ ಬಂದ ಮೊದಲ ಮಾತು. ದನಿ ಹೊಸ ಗಂಟೆಯ ಹಾಗಿತ್ತು. “ನಿನ್ನ ಮುಖ ನೋಡಿದರೆ ಗೊತ್ತಾಗತ್ತೆ. ಕಾಯ್ತೀನಿ ಅಂತೀಯ. ಕಾಯಿ ಪಾಪ. ಆದರೆ ಏಳಿಕ್ಕರದ ಗಂಡಸರು ಯಾರೂ ನೂರು ದಾಟದೆ ಹೋದವರಲ್ಲ. ನನ್ನ ಅಮ್ಮಾವನ್ ನೂರ ಮೂರಕ್ಕೆ ಹಲಸಿನ ಮರ ಹತ್ತಿ ಬಿದ್ದದ್ದು.” ಆಮೇಲೆ ಕೈ ಚಾಚಿದರು. “ಅದೇನು ಕಂಕುಳಲ್ಲಿ? ವೀಳ್ಯದ ಪೆಟ್ಟಿಗೆಯಾ? ಒಂದು ಕಟ್ಟಿಕೊಡು. ಹೊಳೆ ದಾಟುವಾಗ ಕೊಟ್ಟೆಯಲ್ಲ, ಅದು ನಾರುನಾರಾಗಿತ್ತು.”

ಕುಂಞನಿಯನ್ ನೆಲದ ಮೇಲೆ ಕೂತು ಪೆಟ್ಟಿಗೆ ತೆರೆದರು. ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಕೆ ಇಟ್ಟು, ಮಡಚಿ ಕೊಟ್ಟರು. ಮುಚ್ಚಳ ಹಾಕುವಾಗ ಕಣ್ಣು ಬಾಗಿಲ ಕಡೆ ಹೋಯಿತು. ಪೆಟ್ಟಿಗೆಯನ್ನು ಮೆಲ್ಲಗೆ ತಳ್ಳಿ ತಳ್ಳಿ, ಹೊಸಿಲಿಗೆ ಆದಷ್ಟು ದೂರವಾಗಿ, ಪೀಠದ ಕಾಲಿಗೆ ಒತ್ತಿ ಇಟ್ಟುಕೊಂಡರು.